ಬಲೆಗೆ ಸೊನ್ನೆ ಬಂದರೆ ಏನು ಅರ್ಥ? ಸ್ಯಾನ್ ಫ್ರಾನ್ಸಿಸ್ಕೊ ಅಳಿವೆಯಲ್ಲಿ ಮೀನು ಎಣಿಸುವ ಕೆಲಸ

ಬೇ ಏರಿಯಾದ ಕನ್ನಡ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು ಇದು. ಬರೆಯುವಾಗ ಸುತ್ತುಬಳಸು ಸ್ವಲ್ಪ ಕಡಿಮೆ ಮಾಡಿದ್ದೇನೆ. ಪೂರ್ತಿ ಹೋಗಿಲ್ಲ.

ನಮಸ್ಕಾರ. ಟಾಹೋ ಸರೋವರದ ಕಡೆ ಹೋಗುವಾಗ ನಿಮ್ಮಲ್ಲಿ ತುಂಬಾ ಜನ ಬೆನೀಶಿಯಾ ಸೇತುವೆ ದಾಟಿರುತ್ತೀರಿ. ದಾಟಿದ ಮೇಲೆ ಬಲಗಡೆ ಮೈಲುಗಟ್ಟಲೆ ಜೊಂಡು ಹುಲ್ಲು ಕಾಣುತ್ತದೆ, ನಡುವೆ ಅಲ್ಲಲ್ಲಿ ನೀರು ಮಿಂಚುತ್ತದೆ. ಅದು ಸುಸೂನ್ ಜೌಗು. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಕೂಡಿಕೊಂಡು ಕಡಲಿನ ಕಡೆ ಹೊರಟಾಗ, ಗೋಲ್ಡನ್ ಗೇಟ್‌ನಿಂದ ಒಳಗೆ ಬಂದ ಉಪ್ಪುನೀರು ಅವಕ್ಕೆ ಎದುರಾಗುವ ಜಾಗ ಅದು. ನಮ್ಮ ಕರಾವಳಿಯವರು ಅಳಿವೆ ಅನ್ನುತ್ತಾರಲ್ಲ, ಅದೇ, ಆದರೆ ತುಂಬಾ ದೊಡ್ಡದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇಷ್ಟು ದೊಡ್ಡ ಚೌಳು ನೀರಿನ ಜೌಗು ಇನ್ನೊಂದು ಉಳಿದಿಲ್ಲ.

ಇದರ ಗೊಡವೆ ನಮಗೇಕೆ ಅಂತ ಕೇಳಬಹುದು. ನೀವು ಸಾಫ್ಟ್‌ವೇರ್ ಜನ, ಮೀನು ತಿನ್ನದವರೂ ಇದ್ದೀರಿ. ಆದರೆ ಫ್ರೀಮಾಂಟ್‌ನಲ್ಲೋ ಸ್ಯಾಂಟಾ ಕ್ಲಾರಾದಲ್ಲೋ ಇದ್ದರೆ ನಿಮ್ಮ ನಲ್ಲಿ ನೀರಿನ ಒಂದು ಪಾಲು ಈ ಎರಡು ನದಿಗಳ ಮುಖಜ ಭೂಮಿಯಿಂದಲೇ ಬರುತ್ತದೆ. ಟ್ರೇಸಿ ಊರಿನ ಹತ್ತಿರ ಎರಡು ದೊಡ್ಡ ಪಂಪ್‌ಹೌಸ್‌ಗಳಿವೆ, ಒಂದು ಕ್ಯಾಲಿಫೋರ್ನಿಯಾ ರಾಜ್ಯದ್ದು, ಇನ್ನೊಂದು ಕೇಂದ್ರ ಸರ್ಕಾರದ್ದು. ಅಲ್ಲಿಂದ ಎತ್ತಿದ ನೀರು ದಕ್ಷಿಣದ ಹೊಲಗಳಿಗೂ ಎರಡೂವರೆ ಕೋಟಿಗೂ ಜಾಸ್ತಿ ಜನರ ಮನೆಗಳಿಗೂ ಹೋಗುತ್ತದೆ. ಯಾವಾಗ ಎಷ್ಟು ಎತ್ತಬಹುದು ಅನ್ನುವ ಜಗಳದ ನಡುವೆ ಸಿಕ್ಕಿಕೊಂಡಿರುವುದು ಅಳಿವಿನ ಅಪಾಯದಲ್ಲಿದೆ ಅಂತ ಕಾನೂನಿನ ರಕ್ಷಣೆ ಇರುವ, ಬೆರಳುದ್ದದ ಒಂದು ಮೀನು, ಡೆಲ್ಟಾ ಸ್ಮೆಲ್ಟ್. ಈ ಅಳಿವೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹೆಚ್ಚಿನವು ಬದುಕುವುದು ಒಂದೇ ವರ್ಷ. ಕೈಗೆ ತೆಗೆದುಕೊಂಡರೆ ಸೌತೆಕಾಯಿ ವಾಸನೆ. ನಿಜವಾಗಿಯೂ!

ನಮ್ಮ ಕಾವೇರಿ ಜಗಳದಲ್ಲಿ ಜಲಾಶಯದ ಮಟ್ಟ ಎಷ್ಟು, ಒಳಹರಿವು ಎಷ್ಟು ಅಂತ ದಿನಾ ಪೇಪರಿನಲ್ಲಿ ಬರುತ್ತದೆ. ಅಡಿ ಲೆಕ್ಕ, ಕ್ಯೂಸೆಕ್ ಲೆಕ್ಕ. ಇಲ್ಲಿನ ಜಗಳದಲ್ಲಿ ಅದರ ಜೊತೆಗೆ ಮೀನಿನ ಲೆಕ್ಕವೂ ಬೇಕು. ಆ ಲೆಕ್ಕ ತೆಗೆಯುವುದು ಹೇಗೆ, ಅದನ್ನು ಎಷ್ಟು ನಂಬಬಹುದು, ಇದು ಇವತ್ತಿನ ಮಾತು.

ಬಂಡೀಪುರದಲ್ಲಿ ಹುಲಿ ಎಣಿಸಲು ಕ್ಯಾಮೆರಾ ಕಟ್ಟುತ್ತಾರೆ. ಪಟ್ಟೆ ನೋಡಿ ಇದು ಈ ಹುಲಿ, ಅದು ಆ ಹುಲಿ ಅಂತ ಗುರುತು ಹಿಡಿಯುತ್ತಾರೆ. ಇಲ್ಲಿ ಅದೆಲ್ಲ ನಡೆಯುವುದಿಲ್ಲ. ನೀರು ಕೆಸರು, ಒಂದಡಿ ಕೆಳಗೆ ಏನೂ ಕಾಣುವುದಿಲ್ಲ. ಒಂದು ಮೀನಿಗೂ ಇನ್ನೊಂದಕ್ಕೂ ಗುರುತಿನ ವ್ಯತ್ಯಾಸವಿಲ್ಲ. ನೀರು ಏರಿದಾಗ ಒಂದು ಕಡೆ ಇರುತ್ತವೆ, ಇಳಿದಾಗ ಇನ್ನೊಂದು ಕಡೆ. ಹಾಗಾಗಿ ಉಳಿದ ದಾರಿ ಬಲೆ ಎಳೆಯುವುದು.

ಸುಸೂನ್ ಜೌಗಿನಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 1979ರಿಂದ ತಿಂಗಳು ತಿಂಗಳು ಈ ಕೆಲಸ ಮಾಡುತ್ತಿದ್ದಾರೆ. ಶುರು ಮಾಡಿದವರು ಪೀಟರ್ ಮಾಯ್ಲ್ ಎಂಬ ಮೀನು ವಿಜ್ಞಾನಿ. ಅವರ ಟ್ರಾಲ್ ಬಲೆ ನೋಡಿದರೆ ಮಲ್ಪೆ ಬೋಟಿನವರಿಗೆ ನಗು ಬರಬಹುದು, ಅಷ್ಟು ಚಿಕ್ಕದು. ಬಾಯಿಯ ಅಗಲ 4.3 ಮೀಟರ್, ಎತ್ತರ ಒಂದೂವರೆ ಮೀಟರ್, ಉದ್ದ 5.3 ಮೀಟರ್. ಎರಡು ಬದಿಗೆ ಒಂದೊಂದು ಬೋರ್ಡ್. ದೋಣಿ ಮುಂದೆ ಹೋದಾಗ ನೀರಿನ ಒತ್ತಡಕ್ಕೆ ಬೋರ್ಡುಗಳು ಆಚೀಚೆ ಸರಿದು ಬಲೆಯ ಬಾಯಿ ತೆರೆದುಕೊಳ್ಳುತ್ತದೆ. ಬಲೆಯ ಮೈಯಲ್ಲಿ ಕಣ್ಣು 35 ಮಿಲಿಮೀಟರ್, ತುದಿಯ ಚೀಲದಲ್ಲಿ ಬರೀ 6. ಸಣ್ಣ ಮರಿಗಳೂ ಉಳಿಯಲಿ ಅಂತ. ವೇಗ ಗಂಟೆಗೆ 4 ಕಿಲೋಮೀಟರ್. ಸಣ್ಣ ತೋಡುಗಳಲ್ಲಿ 5 ನಿಮಿಷ, ದೊಡ್ಡದರಲ್ಲಿ 10 ನಿಮಿಷ. ಅಷ್ಟೇ, ಎತ್ತುವುದು.

ಈಗ ಒಂದು ಲೆಕ್ಕ ಮಾಡೋಣ. ಆ ವೇಗದಲ್ಲಿ 5 ನಿಮಿಷಕ್ಕೆ ದೋಣಿ ಹೋಗುವುದು ಸುಮಾರು 330 ಮೀಟರ್. ಅಲ್ಲಿನ ಸಣ್ಣ ತೋಡುಗಳ ಅಗಲ 7ರಿಂದ 10 ಮೀಟರ್, ಆಳ ಒಂದೆರಡು ಮೀಟರ್. ಬಲೆ ಪೂರ್ತಿ ತೆರೆದರೆ ತೋಡಿನ ಅಗಲದಲ್ಲಿ ಅರ್ಧದಷ್ಟು, ಎತ್ತರದಲ್ಲಿ ಹೆಚ್ಚು ಕಮ್ಮಿ ಮೇಲಿಂದ ಕೆಳಗಿನವರೆಗೆ ಅದೇ ತುಂಬಿಕೊಳ್ಳುತ್ತದೆ. ಮೀನಿಗೆ ಓಡಲು ದಾರಿ ಕಡಿಮೆ. ಅದೇ ಬಲೆಯನ್ನು ಮಾಂಟೆಝೂಮಾ ಸ್ಲೂ ಎಂಬ ದೊಡ್ಡ ಕವಲಿನಲ್ಲಿ ಬಿಟ್ಟರೆ? ಅಲ್ಲಿ ಅಗಲ 100ರಿಂದ 150 ಮೀಟರ್, ಆಳ 3ರಿಂದ 7 ಮೀಟರ್. ಬಲೆ ತಳ ಸವರಿಕೊಂಡು ಹೋಗುತ್ತದೆ, ಮೇಲಿನ ನೀರಿನಲ್ಲಿ ಈಜುವ ಮೀನು ಅದರ ತಲೆ ಮೇಲೆ ಆರಾಮಾಗಿ ದಾಟುತ್ತದೆ. ಅಂದರೆ ಸಣ್ಣ ತೋಡಿನಲ್ಲಿ ಸಿಕ್ಕ ಹತ್ತು ಮೀನು ಮತ್ತು ದೊಡ್ಡ ಕವಲಿನಲ್ಲಿ ಸಿಕ್ಕ ಹತ್ತು ಮೀನು, ಹಾಳೆ ಮೇಲೆ ಒಂದೇ ಅಂಕಿ, ನೀರಿನಲ್ಲಿ ಬೇರೆ ಬೇರೆ ಕಥೆ. ಅದಕ್ಕೇ ಈ ಜಾಗವನ್ನು ಆ ಜಾಗದ ಜೊತೆ ಹೋಲಿಸುವುದಕ್ಕಿಂತ, ಈ ಜಾಗವನ್ನು ಇದೇ ಜಾಗದ ಹಿಂದಿನ ವರ್ಷಗಳ ಜೊತೆ ಹೋಲಿಸುವುದು ಜಾಸ್ತಿ ಸರಿ.

ಆಳ ಇಲ್ಲದ ನೀರಿನಲ್ಲಿ ಬಲೆ ಎಳೆಯುವವರಿಗೆ ಬೇರೆ ತಾಪತ್ರಯಗಳೂ ಇವೆ. ನಿಧಾನವಾದರೆ ಬೋರ್ಡು ಕೆಸರಿನಲ್ಲಿ ಹೂತುಹೋಗುತ್ತದೆ, ಮೀನಿನ ಬದಲು ಒಂದು ಕ್ವಿಂಟಲ್ ಕೆಸರು ಮೇಲೆ ಬರುತ್ತದೆ. ಜೋರು ಮಾಡಿದರೆ ಬಲೆ ತಳ ಬಿಟ್ಟು ಮೇಲೇಳುತ್ತದೆ. ಮೀಟರ್ ಆಳದ ನೀರಿನಲ್ಲಿ ಎಂಜಿನ್ ಸದ್ದು ಮೀನಿನ ತಲೆ ಮೇಲೆಯೇ, ದೋಣಿ ದಾಟುತ್ತಿದ್ದಂತೆ ಅವು ದಡಕ್ಕೆ ಚದುರುತ್ತವೆ. ಮುಳುಗಿದ ಮರದ ಬೊಡ್ಡೆಗೆ ಬಲೆ ಸಿಕ್ಕಿದರೆ ಆ ಎಳೆತ ಕೆಟ್ಟಿತು. ಬೇಸಿಗೆ ಕೊನೆಗೆ ಕಪ್ಪು ಸಮುದ್ರದಿಂದ ಬಂದು ನೆಲೆಸಿದ ಅಂಬಲಿ ಮೀನು, ಅದೇ ಜೆಲ್ಲಿ ಫಿಶ್, ರಾಶಿ ರಾಶಿ ತುಂಬಿ ಬಲೆಯ ಕಣ್ಣು ಕಟ್ಟಿಬಿಡುತ್ತದೆ. ಇಲ್ಲಿ ಒಂದು ಕಟ್ಟುನಿಟ್ಟು ನೆನಪಿಡಿ: ಕೆಟ್ಟ ಎಳೆತವನ್ನು ಸೊನ್ನೆ ಅಂತ ಬರೆಯಬಾರದು, ಕೆಟ್ಟಿತು ಅಂತಲೇ ಬರೆಯಬೇಕು. ಮೀನು ಇರಲಿಲ್ಲ ಅನ್ನುವುದಕ್ಕೂ ಬಲೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೂ ಅಜಗಜಾಂತರ ಇದೆ, ಆದರೆ ನಲವತ್ತು ವರ್ಷ ಆದಮೇಲೆ ಕಂಪ್ಯೂಟರಿನಲ್ಲಿ ಎರಡೂ ಒಂದೇ ಖಾನೆಯಲ್ಲಿ ಕೂತಿದ್ದರೆ ಬಿಡಿಸುವವರು ಯಾರು? ಡೇಟಾ ಕೆಲಸ ಮಾಡುವವರು ಇಲ್ಲಿ ಎಷ್ಟೋ ಜನ ಇದ್ದೀರಿ, ನಿಮಗೆ ಜಾಸ್ತಿ ವಿವರಿಸಬೇಕಾಗಿಲ್ಲ.

ಬಲೆ ಮೇಲೆ ಬಂದಮೇಲೆ ಚೀಲದ ಗಂಟು ಬಿಚ್ಚಿ ಮೀನನ್ನು ನೀರು ತುಂಬಿದ ತೊಟ್ಟಿಗೆ ಸುರಿಯುತ್ತಾರೆ. ಬೇಗ ಸಾಯುವ ನಾಜೂಕು ಜಾತಿಗಳದ್ದು ಮೊದಲ ಸರದಿ. ಕೈ ಒದ್ದೆ ಇರಬೇಕು, ಒಣ ಕೈಗೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ. ಅಳತೆ ಹಲಗೆ ಮೇಲೆ ಇಟ್ಟು ಮೂತಿಯಿಂದ ಬೆನ್ನುಮೂಳೆಯ ಕೊನೆಯವರೆಗೆ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು, ಕೂಗಿ ಹೇಳಿ, ಬರೆಸಿ, ನೀರಿಗೆ ಬಿಡುವುದು. ರಾಜ್ಯ ಸರ್ಕಾರದ ಇನ್ನೊಂದು ಸಮೀಕ್ಷೆ ಬಾಲದ ಕವಲಿನವರೆಗೆ ಅಳೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಮೊದಲು ಅಳತೆ ಪರಿವರ್ತನೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒಂದೇ ಮೀನು ಎರಡು ಉದ್ದ. ಜೊತೆಗೆ ನೀರಿನ ಉಪ್ಪು, ಬಿಸಿ, ಕರಗಿದ ಆಮ್ಲಜನಕ, ಎಲ್ಲ ಬರೆದುಕೊಳ್ಳಬೇಕು. ನೀರು ಎಷ್ಟು ತಿಳಿ ಅಂತ ನೋಡಲು ಕಪ್ಪು ಬಿಳುಪು ತಟ್ಟೆಯೊಂದನ್ನು ದಾರದಲ್ಲಿ ಇಳಿಬಿಟ್ಟು ಎಲ್ಲಿ ಕಣ್ಮರೆಯಾಯಿತು ಅಂತ ನೋಡುತ್ತಾರೆ. ಈ ತಟ್ಟೆ ಆಮೇಲೆ ಮುಖ್ಯವಾಗುತ್ತದೆ.

ತೊಟ್ಟಿಯಲ್ಲಿ ಏನಿರುತ್ತದೆ? ಇಲ್ಲಿನದೇ ಮೀನು ಟ್ಯೂಲಿ ಪರ್ಚ್, ಮೊಟ್ಟೆ ಇಡದೆ ಮರಿ ಹಾಕುತ್ತದೆ. ಬಾಲದ ಮೇಲಿನ ಕವಲು ಕೆಳಗಿನದಕ್ಕಿಂತ ಉದ್ದ ಇರುವ ಸ್ಪ್ಲಿಟ್‌ಟೇಲ್. ಪಟ್ಟೆ ಬಾಸ್, ಇದು 1879ರಲ್ಲಿ ನ್ಯೂಜೆರ್ಸಿಯಿಂದ ರೈಲಿನಲ್ಲಿ ಬಂದ ಅತಿಥಿ. ನೂರ ಮೂವತ್ತರಷ್ಟು ಮೀನುಗಳನ್ನು ಮಾರ್ಟಿನೆಜ್ ಹತ್ತಿರ ನೀರಿಗೆ ಬಿಟ್ಟರು, ಕೆಲವೇ ವರ್ಷಗಳಲ್ಲಿ ಅಳಿವೆ ತುಂಬಾ ಅದೇ ಆಯಿತು. ಹಡಗಿನ ತಳದ ನೀರಿನಲ್ಲಿ ಏಷ್ಯಾದಿಂದ ಬಂದ ಗೋಬಿ ಎಂಬ ಸಣ್ಣ ಮೀನುಗಳು ಬೇರೆ. ನಮ್ಮ ಹಾಗೇ ವಲಸೆ ಬಂದವರೇ ಜಾಸ್ತಿ ಅಂತ ಸಭೆಯಲ್ಲಿ ಯಾರೋ ಅಂದರು, ಎಲ್ಲರೂ ನಕ್ಕರು. ಇದರಲ್ಲಿ ಜಪಾನಿನ ವಾಕಸಾಗಿ ಎಂಬ ಮೀನು ಡೆಲ್ಟಾ ಸ್ಮೆಲ್ಟ್‌ನ ಪಡಿಯಚ್ಚು. ಗಂಟಲ ಅಡಿಯ ಕಪ್ಪು ಚುಕ್ಕಿ ನೋಡಿ ಗುರುತಿಸಬೇಕು. ಸ್ಮೆಲ್ಟ್‌ಗೆ ಚುಕ್ಕಿ ಇರುವುದಿಲ್ಲ ಅಥವಾ ಎಲ್ಲೋ ಒಂದು, ವಾಕಸಾಗಿಗೆ ತುಂಬಾ. ಅಲುಗಾಡುವ ದೋಣಿಯಲ್ಲಿ, ಬೆರಳುದ್ದದ ಮೀನಿನ ಗಂಟಲ ಚುಕ್ಕಿ.

ಈಗ ನನಗೆ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಮೀನುಗಾರ ಎಲ್ಲಿ ಬಲೆ ಹಾಕುತ್ತಾನೆ? ಮೀನು ಇರುವಲ್ಲಿ. ಅದು ಅವನ ಹೊಟ್ಟೆಪಾಡು, ಅನುಭವ, ಜಾಣತನ ಎಲ್ಲ. ಸಮೀಕ್ಷೆಯ ದೋಣಿ ಆ ಜಾಣತನವನ್ನು ಬೇಕಂತಲೇ ದಡದಲ್ಲಿ ಬಿಟ್ಟು ಹೊರಡಬೇಕು. ಆಚೆ ತೋಡಿನಲ್ಲಿ ಮೀನು ಕುಣಿಯುತ್ತಿರುವುದು ಕಣ್ಣಿಗೇ ಕಾಣುತ್ತಿದ್ದರೂ ನಕಾಶೆಯಲ್ಲಿ ಚುಕ್ಕಿ ಇಟ್ಟಿರುವ ಈಚೆಯ ಖಾಲಿ ತೋಡಿನಲ್ಲೇ ಬಲೆ ಎಳೆಯಬೇಕು, ಏನೂ ಸಿಗಲಿಲ್ಲ ಅಂತ ಬರೆಯಬೇಕು, ಮುಂದಿನ ತಿಂಗಳು ಬಂದು ಮತ್ತೆ ಅದನ್ನೇ ಮಾಡಬೇಕು. ಪಕ್ಕಾ ಮೀನುಗಾರನಿಗೆ ಇದು ತೀರಾ ಹುಚ್ಚು ಕೆಲಸ.

ಯಾಕೆ ಈ ಹುಚ್ಚು? ನಮ್ಮ ಊರಿನ ಉದಾಹರಣೆ ತೆಗೆದುಕೊಳ್ಳಿ. ಮಂಗಳೂರು ದಕ್ಕೆಯಲ್ಲಿ, ಮಲ್ಪೆ ಬಂದರಿನಲ್ಲಿ ಎಷ್ಟು ಮೀನು ಇಳಿಯಿತು ಅನ್ನುವ ಅಂದಾಜು ಇದೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಬಹಳ ವರ್ಷಗಳಿಂದ ಬಂದರು ಬಂದರಿಗೆ ಹೋಗಿ, ಕ್ರಮವಾಗಿ ಆರಿಸಿದ ದಿನಗಳಲ್ಲಿ ಬೋಟುಗಳನ್ನು ನೋಡಿ ಆ ಲೆಕ್ಕ ಹಾಕುತ್ತಾರೆ. ದೊಡ್ಡ ಕೆಲಸ, ಮರ್ಯಾದೆ ಕೊಡಬೇಕು. ಆದರೆ ದಡಕ್ಕೆ ಬಂದ ಮೀನು ಕಡಲಲ್ಲಿ ಎಷ್ಟಿದೆ ಅಂತ ನೇರವಾಗಿ ಹೇಳುವುದಿಲ್ಲ. ಮೀನು ಅರ್ಧ ಆದಾಗ ಬೋಟಿನವರು ಇನ್ನೂ ದೂರ ಹೋಗುತ್ತಾರೆ, ಎಂಜಿನ್ ದೊಡ್ಡದು ಮಾಡುತ್ತಾರೆ, ಮೀನು ಕಾಣಿಸುವ ಯಂತ್ರ ಹಾಕಿಸುತ್ತಾರೆ. ಬುಟ್ಟಿ ಮೊದಲಿನಷ್ಟೇ ತುಂಬುತ್ತದೆ. ಕಡಲು ಖಾಲಿಯಾಗುತ್ತಿರುವುದು ಬುಟ್ಟಿಗೆ ಗೊತ್ತಾಗುವುದು ಕೊನೆಗೆ. ಒಂದೇ ಬಲೆ, ಒಂದೇ ವೇಗ, ಒಂದೇ ಜಾಗ ಅಂತ ಹಟ ಹಿಡಿದು ಎಳೆದವನಿಗೆ ಮಾತ್ರ ಅದು ಮೊದಲೇ ಗೊತ್ತಾಗುತ್ತದೆ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅನ್ನುತ್ತೇವೆ. ಮೀನಿನ ವಿಷಯದಲ್ಲಿ ಆ ಬುದ್ಧಿ ನಡೆಯುವುದಿಲ್ಲ. ಮೀನು ನೀರಿನ ತುಂಬಾ ಸಮನಾಗಿ ಹರಡಿಕೊಂಡಿಲ್ಲ, ಗುಂಪು ಕಟ್ಟಿಕೊಂಡಿರುತ್ತದೆ. ಹತ್ತು ಎಳೆತದಲ್ಲಿ ಒಂಬತ್ತು ಸೊನ್ನೆ, ಹತ್ತನೆಯದರಲ್ಲಿ 200 ಬಾಸ್ ಮರಿ ಬಂತು ಅಂತ ಇಟ್ಟುಕೊಳ್ಳಿ. ಸರಾಸರಿ 20. ಆದರೆ ಇಪ್ಪತ್ತು ಮೀನು ಬಂದ ಎಳೆತ ಒಂದೂ ಇಲ್ಲ! ಆ ಹತ್ತನೆಯ ಎಳೆತ ತಪ್ಪಿಹೋಗಿದ್ದರೆ ಸರಾಸರಿ ಸೊನ್ನೆ. ಅದಕ್ಕೇ ಜಾಗ ಜಾಸ್ತಿ ಬೇಕು, ತಿಂಗಳು ಜಾಸ್ತಿ ಬೇಕು, ವರ್ಷ ಇನ್ನೂ ಜಾಸ್ತಿ ಬೇಕು. ಒಂದು ವರ್ಷದ ಅಂಕಿ ಇಟ್ಟುಕೊಂಡು ಮೀನು ಜಾಸ್ತಿ ಆಯಿತು, ಕಡಿಮೆ ಆಯಿತು ಅಂತ ಯಾರಾದರೂ ಹೇಳಿಕೆ ಕೊಟ್ಟರೆ ನಾನು ಸುಮ್ನೆ ಕೇಳಿಸಿಕೊಂಡು ಮುಂದೆ ಹೋಗುತ್ತೇನೆ.

ಸರಿ, ಸೊನ್ನೆಯ ವಿಷಯ. ಕ್ಯಾಲಿಫೋರ್ನಿಯಾದ ಮೀನು ಮತ್ತು ವನ್ಯಜೀವಿ ಇಲಾಖೆ 1967ರಲ್ಲಿ ಇನ್ನೊಂದು ಟ್ರಾಲ್ ಸಮೀಕ್ಷೆ ಶುರು ಮಾಡಿತು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೊಮ್ಮೆ, ನೂರಕ್ಕೂ ಜಾಸ್ತಿ ಗೊತ್ತುಮಾಡಿದ ಜಾಗಗಳಲ್ಲಿ, 12 ನಿಮಿಷದ ಎಳೆತ. ಈ ಬಲೆ ತಳ ಸವರುವುದಿಲ್ಲ. ತಳದ ಹತ್ತಿರದಿಂದ ಓರೆಯಾಗಿ ಮೇಲಕ್ಕೆ ಬರುತ್ತದೆ, ಹಾಗಾಗಿ ಎಲ್ಲ ಆಳದ ನೀರೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ತಮಾಷೆ ಅಂದರೆ ಇದನ್ನು ಮಾಡಿದ್ದು ಸ್ಮೆಲ್ಟ್‌ಗೆ ಅಲ್ಲವೇ ಅಲ್ಲ, ಗಾಳ ಹಾಕುವವರಿಗೆ ಪ್ರಿಯವಾದ ಪಟ್ಟೆ ಬಾಸ್‌ನ ಮರಿಗಳಿಗೆ. ಸ್ಮೆಲ್ಟ್ ಸುಮ್ನೆ ಜೊತೆಗೆ ಸಿಗುತ್ತಿತ್ತು, ಬರೆದಿಡುತ್ತಿದ್ದರು. ಹಾಗೆ ಬರೆದಿಟ್ಟಿದ್ದೇ ಆಮೇಲೆ ಕೋರ್ಟಿನವರೆಗೆ ಹೋಯಿತು.

ಪ್ರತಿ ಪ್ರದೇಶದ ಸರಾಸರಿಗೆ ಅಲ್ಲಿನ ನೀರಿನ ಪ್ರಮಾಣದ ತೂಕ ಕೊಟ್ಟು, ನಾಲ್ಕು ತಿಂಗಳದ್ದು ಕೂಡಿಸಿ ವರ್ಷಕ್ಕೊಂದು ಸೂಚ್ಯಂಕ ಮಾಡುತ್ತಾರೆ. ಇದು ಮೀನಿನ ಸಂಖ್ಯೆ ಅಲ್ಲ, ನೆನಪಿರಲಿ. ಷೇರು ಪೇಟೆಯ ಸೂಚ್ಯಂಕ ರೂಪಾಯಿ ಅಲ್ಲವಲ್ಲ, ಹಾಗೆ. ಡೆಲ್ಟಾ ಸ್ಮೆಲ್ಟ್‌ನ ಸೂಚ್ಯಂಕ 1970ರಲ್ಲಿ 1,673 ಇತ್ತು, ಅದೇ ಅತಿ ಹೆಚ್ಚು. 1993ರಲ್ಲಿ ಮೀನು ಅಪಾಯದ ಪಟ್ಟಿಗೆ ಸೇರಿತು. ಒಳ್ಳೆ ಮಳೆ ಬಂದ 2011ರಲ್ಲಿ 343ಕ್ಕೆ ಏರಿ ಆಸೆ ಹುಟ್ಟಿಸಿತು. 2014ರಲ್ಲಿ 9, 2015ರಲ್ಲಿ 7, 2017ರಲ್ಲಿ 2. 2018ರಲ್ಲಿ ಮೊದಲ ಸಲ ಸೊನ್ನೆ, ಮುಂದಿನ ವರ್ಷಗಳಲ್ಲೂ ಸೊನ್ನೆ. ಇದರ ದಾಯಾದಿ ಲಾಂಗ್‌ಫಿನ್ ಸ್ಮೆಲ್ಟ್ ಕಥೆಯೂ ಅದೇ. 1967ರಲ್ಲಿ 81,737, 2007ರಲ್ಲಿ 13. ಅದನ್ನು 2024ರಲ್ಲಿ ಕೇಂದ್ರದ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಸೊನ್ನೆ ಬಂದ ಕೂಡಲೇ ಎರಡು ಕಡೆಯವರೂ ಕೂಗಿದರು. ಒಬ್ಬರು ಮೀನು ನಿರ್ನಾಮ ಆಯಿತು ಅಂದರು, ಇನ್ನೊಬ್ಬರು ನಿಮ್ಮ ಬಲೆಯೇ ಸರಿ ಇಲ್ಲ ಅಂದರು. ಎರಡನೆಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಬಲೆಯ ಕಣ್ಣಿನಿಂದ ಸಣ್ಣ ಸ್ಮೆಲ್ಟ್ ನುಸುಳಿ ಹೋಗುತ್ತದೆ ಅಂತ ಪರೀಕ್ಷೆ ಮಾಡಿಯೇ ಕಂಡುಕೊಂಡಿದ್ದಾರೆ. ತುದಿಯ ಚೀಲದ ಹೊರಗೆ ಇನ್ನೂ ಸಣ್ಣ ಕಣ್ಣಿನ ಚೀಲ ಕಟ್ಟಿ, ತಪ್ಪಿಸಿಕೊಂಡವು ಎಷ್ಟು ಅಂತ ಎಣಿಸುವುದು ಆ ಪರೀಕ್ಷೆ. ಹಗಲಲ್ಲಿ ಮಾತ್ರ ಎಳೆಯುತ್ತಾರೆ, ನೀರು ಇಳಿಯುವಾಗ ಮೀನು ದಡದ ಕಡೆ ಸರಿಯುತ್ತದೆ, ಜಾಗಗಳು ಐವತ್ತು ವರ್ಷದ ಹಿಂದೆ ಗೊತ್ತುಮಾಡಿದವು. ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ನೀರಿನ ಬಣ್ಣದ್ದು. ಹಿಂದೆ ಇಲ್ಲಿನ ನೀರು ಚಿನ್ನದ ಗಣಿಗಳಿಂದ ಕೊಚ್ಚಿ ಬಂದ ಮಣ್ಣಿನಿಂದ ಕೆಸರಾಗಿತ್ತು. ಈಗ ಮಣ್ಣನ್ನು ಅಣೆಕಟ್ಟುಗಳು ಹಿಡಿದಿಟ್ಟುಕೊಂಡಿವೆ, ಹೊರಗಿನಿಂದ ಬಂದ ಜಲಕಳೆ ಉಳಿದದ್ದನ್ನು ಸೋಸುತ್ತದೆ, ನೀರು ತಿಳಿಯಾಗುತ್ತಿದೆ. ತಟ್ಟೆ ಇಳಿಬಿಟ್ಟು ಬರೆದಿಟ್ಟ ಅಂಕಿಗಳೇ ಇದನ್ನು ಹೇಳುತ್ತವೆ. ತಿಳಿ ನೀರಿನಲ್ಲಿ ಮೀನಿಗೆ ಬರುವ ಬಲೆ ಕಾಣುತ್ತದೆ. ಅಂದರೆ ಬಲೆ ಅದೇ ಇದ್ದರೂ ಅದಕ್ಕೆ ಬೀಳುವ ಸಾಧ್ಯತೆ ಮೊದಲಿನಷ್ಟೇ ಉಳಿದಿದೆಯಾ? ಇದು ನ್ಯಾಯವಾದ ಪ್ರಶ್ನೆ.

ಇದಕ್ಕೆ ಕೊಟ್ಟ ಉತ್ತರ ಹೊಸ ಸಮೀಕ್ಷೆ. 2016ರ ಡಿಸೆಂಬರ್‌ನಿಂದ ಕೇಂದ್ರದ ಮೀನು ಮತ್ತು ವನ್ಯಜೀವಿ ಸೇವೆ ಬರೀ ಸ್ಮೆಲ್ಟ್‌ಗಾಗಿಯೇ ದೋಣಿ ಇಳಿಸಿತು. ಜಾಗಗಳನ್ನು ಮೊದಲೇ ಗೊತ್ತುಮಾಡದೆ ಚೀಟಿ ಎತ್ತಿದ ಹಾಗೆ ಆರಿಸುವುದು, ಒಂದು ಜಾಗದಲ್ಲಿ ಹಲವು ಸಲ ಎಳೆಯುವುದು, ಎರಡು ದೋಣಿಗಳ ನಡುವೆ ಮೇಲ್ನೀರಿನಲ್ಲಿ ಬಲೆ ಹಿಡಿಯುವುದು. ಎರಡು ದೋಣಿ ಆದಾಗ ಎಂಜಿನ್ ಸದ್ದು ಬಲೆಯ ಮುಂದೆ ಇರುವುದಿಲ್ಲ, ಅಕ್ಕಪಕ್ಕ ಇರುತ್ತದೆ, ಮೀನು ನಡುವಿಗೆ ಸರಿಯುತ್ತದೆ. ಹಳೆ ಸಮೀಕ್ಷೆಗೆ ಸೊನ್ನೆ ಬಂದ 2018ರಲ್ಲೂ ಇದಕ್ಕೆ ಒಂದಿಷ್ಟು ಸ್ಮೆಲ್ಟ್ ಸಿಕ್ಕವು. ಆದ್ದರಿಂದ ನಿರ್ನಾಮ ಅನ್ನುವುದು ತಪ್ಪು. ಹಾಗಂತ ಹಳೆ ಬಲೆಯ ಸೊನ್ನೆ ಸುಳ್ಳೂ ಅಲ್ಲ. ಅದೇ ಬಲೆಗೆ ಅದೇ ಚುಕ್ಕಿಗಳಲ್ಲಿ 1970ರಲ್ಲಿ ಸ್ಮೆಲ್ಟ್ ಧಾರಾಳವಾಗಿ ಬರುತ್ತಿತ್ತು, ಅದೇ ಬಲೆಗೆ ಇವತ್ತಿಗೂ ಅಮೆರಿಕನ್ ಶ್ಯಾಡ್ ಎಂಬ ಇನ್ನೊಂದು ಮೀನು ಬರುತ್ತದೆ. ಬಲೆ ಕೆಟ್ಟಿದ್ದರೆ ಒಂದೇ ಜಾತಿಗೆ ಯಾಕೆ ಕೆಡಬೇಕು? ನೀರು ತಿಳಿಯಾದದ್ದು ಸ್ವಲ್ಪ ಭಾಗ ವಿವರಿಸಬಹುದು. ಸಾವಿರದ ಆರುನೂರರಿಂದ ಸೊನ್ನೆಗೆ ಬಂದದ್ದನ್ನು ಪೂರ್ತಿ ವಿವರಿಸುತ್ತದೆ ಅಂತ ನನಗೆ ಅನಿಸುವುದಿಲ್ಲ. 2021ರ ಡಿಸೆಂಬರ್‌ನಿಂದ ಮರಿಕೇಂದ್ರದಲ್ಲಿ ಸಾಕಿದ ಸ್ಮೆಲ್ಟ್‌ಗಳನ್ನು ಗುರುತು ಮಾಡಿ ನೀರಿಗೆ ಬಿಡುತ್ತಿದ್ದಾರೆ. ಈಗ ಬಲೆಗೆ ಒಂದು ಸ್ಮೆಲ್ಟ್ ಬಿದ್ದರೆ ಮೊದಲು ನೋಡುವುದು ಗುರುತು ಇದೆಯಾ ಅಂತ.

ಹಟ ಹಿಡಿದು ಎಳೆದದ್ದರ ಇನ್ನೊಂದು ಲಾಭ ಹೇಳಿ ಮುಗಿಸುತ್ತೇನೆ, ಆಮೇಲೆ ಪ್ರಶ್ನೆ. 1986ರಲ್ಲಿ ಸುಸೂನ್ ಕೊಲ್ಲಿಯಲ್ಲಿ ಏಷ್ಯಾದ ಒಂದು ಜಾತಿಯ ಚಿಪ್ಪುಜೀವಿ ಕಾಣಿಸಿಕೊಂಡಿತು. ನಮ್ಮ ಬಳಚು ಇದ್ದ ಹಾಗೆ, ಇನ್ನೂ ಚಿಕ್ಕದು. ಬೇಗನೆ ತಳ ತುಂಬಾ ಹರಡಿತು, ನೀರನ್ನು ಸೋಸಿ ಸೋಸಿ ಮೀನಿನ ಮರಿಗಳ ಆಹಾರದ ಬುಡವನ್ನೇ ತಿಂದುಹಾಕಿತು. ಲಾಂಗ್‌ಫಿನ್ ಸ್ಮೆಲ್ಟ್ ಮೊದಲಾದವು ಅದಾದ ಮೇಲೆ ಅಷ್ಟೇ ನದಿ ನೀರು ಬಂದರೂ ಮೊದಲಿನಷ್ಟು ಆಗಲಿಲ್ಲ. ಇದು ನಮಗೆ ಗೊತ್ತಾಗಿದ್ದು ಅದು ಬರುವ ಮೊದಲಿನ ಲೆಕ್ಕ ಕೈಯಲ್ಲಿ ಇದ್ದದ್ದರಿಂದ. 1979ರಲ್ಲಿ ಮೊದಲ ಬಲೆ ಬಿಟ್ಟವರಿಗೆ ಇಂಥದ್ದೊಂದು ಬರುತ್ತದೆ ಅಂತ ಕನಸೂ ಇರಲಿಲ್ಲ. ಬಂದ ಮೇಲೆ ಶುರು ಮಾಡಿದ್ದರೆ ಮೊದಲು ಹೇಗಿತ್ತು ಅಂತ ಮುದುಕರನ್ನು ಕೇಳಬೇಕಿತ್ತು.

ಪ್ರಶ್ನೆಗಳಲ್ಲಿ ಮೂರು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು: ಅಪರೂಪದ ಮೀನನ್ನು ಎಣಿಸಲು ಹೋಗಿ ಕೊಲ್ಲುವುದಿಲ್ಲವೇ? ಕೊಲ್ಲುತ್ತದೆ. ಐದು ನಿಮಿಷದ ಸಣ್ಣ ಎಳೆತದಲ್ಲಿ ಹೆಚ್ಚಿನ ಮೀನು ಬದುಕಿ ನೀರಿಗೆ ಹೋಗುತ್ತವೆ, ಆದರೆ ಸ್ಮೆಲ್ಟ್ ತೀರಾ ನಾಜೂಕು, ಮುಟ್ಟಿದರೆ ಸಾಯುತ್ತದೆ. ಅದಕ್ಕೇ ಸಮೀಕ್ಷೆ ಮಾಡುವವರಿಗೂ ಇಷ್ಟೇ ಹಿಡಿಯಬಹುದು ಅಂತ ಪರವಾನಗಿಯಲ್ಲಿ ಮಿತಿ ಇದೆ.

ಇನ್ನೊಬ್ಬರು, ಇಷ್ಟೆಲ್ಲ ಯಾಕೆ ಸರ್, ನೀರು ತೆಗೆದು ಡಿಎನ್ಎ ನೋಡಿದರೆ ಆಗುವುದಿಲ್ಲವಾ, ಸೋನಾರ್ ಬಿಟ್ಟರೆ ಆಗುವುದಿಲ್ಲವಾ ಅಂದರು. ಡಿಎನ್ಎ ಮೀನು ಇದೆ ಅಂತ ಹೇಳುತ್ತದೆ, ಒಳ್ಳೆಯದೇ. ಎಷ್ಟು ಉದ್ದ, ಮರಿಯೋ ದೊಡ್ಡದೋ, ಹೊಟ್ಟೆಯಲ್ಲಿ ಮೊಟ್ಟೆ ಇದೆಯಾ, ಏನು ತಿಂದಿದೆ, ಇದನ್ನೆಲ್ಲ ಹೇಳುವುದಿಲ್ಲ. ಅಲ್ಲದೆ ನೀರು ಹಿಂದೆ ಮುಂದೆ ಹೋಗುವ ಅಳಿವೆಯಲ್ಲಿ ಆ ಡಿಎನ್ಎ ಎಲ್ಲಿಂದ ತೇಲಿ ಬಂತು ಅಂತ ಹೇಳುವುದೂ ಕಷ್ಟ. ಸೋನಾರ್‌ಗೆ ಆಳ ಬೇಕು. ಒಂದೂವರೆ ಮೀಟರ್ ನೀರಿನಲ್ಲಿ ತಳದ ಪ್ರತಿಧ್ವನಿ, ಮೇಲ್ಮೈಯ ಪ್ರತಿಧ್ವನಿ ಎಲ್ಲ ಒಂದರ ಮೇಲೊಂದು ಬಿದ್ದು ಮೀನು ಅದರೊಳಗೆ ಮುಚ್ಚಿಹೋಗುತ್ತದೆ.

ಕೊನೆಗೆ ಕುಮಟಾ ಕಡೆಯ ಹುಡುಗಿಯೊಬ್ಬಳು ಕೇಳಿದಳು, ಇದನ್ನು ನಮ್ಮ ಅಘನಾಶಿನಿಯಲ್ಲಿ ಮಾಡಬಹುದಾ ಅಂತ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ದೊಡ್ಡ ಅಣೆಕಟ್ಟಿಲ್ಲದ ನದಿ, ಕಾಣೆ, ನಂಗ್, ಸಿಗಡಿ, ಏಡಿ, ಬಳಚು ಎಲ್ಲ ಇರುವ ಜಾಗ. ಮಾಡಬಹುದು, ಮಾಡಬೇಕು ಕೂಡ, ಆದರೆ ಇಲ್ಲಿನ ಬಲೆಯನ್ನು ಹಾಗೇ ತೆಗೆದುಕೊಂಡು ಹೋಗಿ ಬಿಟ್ಟರೆ ಆಗುವುದಿಲ್ಲ. ಬಳಚು ಹೆಕ್ಕುವವರ ದಿಬ್ಬಗಳ ಮೇಲೆ ಬೋರ್ಡ್ ಎಳೆಯುವಂತಿಲ್ಲ, ಅದು ಅವರ ಅನ್ನ. ಉಪ್ಪುನೀರು ಬರುವ ಗಜನಿ ಗದ್ದೆಗಳ ಬದಿಯ ಕೋಡಿಗಳಲ್ಲಿ ದೋಣಿ ತಿರುಗಿಸಲೂ ಜಾಗವಿಲ್ಲ, ಅಲ್ಲಿ ದಡದಿಂದ ಎಳೆಯುವ ಸಣ್ಣ ಕೈರಂಪಣಿಯೋ ಬೀಸುಬಲೆಯೋ ಸರಿ. ಸುಸೂನ್‌ನಲ್ಲೂ ದಡದ ಮೀನಿಗೆ ಹತ್ತು ಮೀಟರಿನ ಎಳೆಬಲೆ ಬೇರೆ ಇಟ್ಟುಕೊಂಡಿದ್ದಾರೆ. ಮುಂಗಾರಿನಲ್ಲಿ ನದಿ ತುಂಬಿ ಬರುವಾಗ ಟ್ರಾಲ್ ಅಸಾಧ್ಯ, ಮೀನು ಮರಿ ಮಾಡುವ ಹೊತ್ತೂ ಅದೇ. ಕಡಲಿನಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್, ಜುಲೈ 61 ದಿನ ರಜೆ ಇರುವುದೂ ಆಗಲೇ. ಆ ಎರಡು ತಿಂಗಳಿಗೆ ಬೇರೆ ಬಲೆ ಯೋಚಿಸಬೇಕು, ಮತ್ತು ಒಮ್ಮೆ ಆರಿಸಿದ ಮೇಲೆ ಅದನ್ನು ಬದಲಾಯಿಸಬಾರದು. ಇಲಾಖೆಯ ಅನುಮತಿ ಬೇಕೇ ಬೇಕು. ಆದರೆ ಅದಕ್ಕೂ ಮೊದಲು ಅಲ್ಲಿ ದಿನಾ ಬಲೆ ಬೀಸುವವರ ಹತ್ತಿರ ಕೂತು, ಕಲ್ಲು ಎಲ್ಲಿದೆ, ಗೂಟ ಎಲ್ಲಿದೆ, ಯಾವ ತಿಂಗಳು ಯಾವ ಮೀನು ಅಂತ ಕೇಳಿ ನಕಾಶೆ ಬರೆದುಕೋ ಅಂದೆ. ಚುಕ್ಕಿ ಎಲ್ಲಿ ಇಡಬೇಕು ಅಂತ ಮಾತ್ರ ಅವರನ್ನು ಕೇಳಬೇಡ, ಮೀನು ಇರುವಲ್ಲೇ ಇಡಿಸುತ್ತಾರೆ.